ಕ್ಯಾಂಪರ್‌ವ್ಯಾನಿನೊಳಗೆ ಇಂಟರ್ನೆಟ್: ಮೊದಲು ಆಂಟೆನಾ, ಆಮೇಲೆ ಉಳಿದದ್ದು

ಕ್ಯಾಂಪರ್‌ವ್ಯಾನಿನಲ್ಲಿ ಇಂಟರ್ನೆಟ್ ವ್ಯವಸ್ಥೆ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಸಿಮ್ ತೆಗೆದುಕೊಳ್ಳಬೇಕು, ಯಾವ ಪ್ಲಾನ್ ಹಾಕಿಸಬೇಕು, 5ಜಿ ರೂಟರ್ ಬೇಕೇ ಅಥವಾ 4ಜಿ ಸಾಕೇ ಎಂಬುದನ್ನು. ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಇವೆಲ್ಲಕ್ಕಿಂತ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಟವರ್‌ನಿಂದ ಹೊರಟ ಸಿಗ್ನಲ್ ವ್ಯಾನಿನ ಲೋಹದ ಗೋಡೆಯನ್ನು ದಾಟಿ ರೂಟರ್‌ವರೆಗೆ ಬರುವುದು ಹೇಗೆ? ವ್ಯಾನಿನಲ್ಲಿ ಕುಳಿತೇ ದಿನದ ಕೆಲಸ ಮಾಡುವ ನಾನು ಅನುಭವದಿಂದ ಕಂಡುಕೊಂಡಿರುವುದು ಇಷ್ಟು: ಚಾವಣಿಯ ಮೇಲೆ ಸರಿಯಾಗಿ ಕೂರಿಸಿದ ಆಂಟೆನಾ ಮತ್ತು ಅದರಿಂದ ರೂಟರ್‌ಗೆ ಬರುವ ಗಿಡ್ಡ ಕೇಬಲ್, ಇವೆರಡು ಇದ್ದರೆ ಸಾಧಾರಣ ರೂಟರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ, ಇವಿಲ್ಲದಿದ್ದರೆ ಎಷ್ಟು ದುಬಾರಿಯ ರೂಟರ್ ತಂದರೂ ಅದು ಅರೆಹೊಟ್ಟೆಯಲ್ಲಿ ದುಡಿಯುತ್ತದೆ.

ಕಾರಣ ಸರಳವಾದದ್ದು. ಉಕ್ಕಿನ ಒಡಲಿನ ವ್ಯಾನ್ ರೇಡಿಯೋ ಅಲೆಗಳನ್ನು ತಡೆಯುವ ಪೆಟ್ಟಿಗೆ. ಅಲೆಗಳು ಒಳಬರುವುದು ಮುಖ್ಯವಾಗಿ ಕಿಟಕಿಗಳ ಮೂಲಕ, ಬಿಸಿಲು ತಡೆಯಲು ಲೋಹದ ತೆಳು ಲೇಪನವಿರುವ ಗಾಜಾದರೆ ಆ ದಾರಿಯೂ ಕಿರಿದಾಗುತ್ತದೆ. ಅದಕ್ಕೇ ವ್ಯಾನಿನೊಳಗೆ ಹಾಸಿಗೆಯ ಬಳಿ ಸತ್ತಂತಿರುವ ಫೋನು ಮುಂದಿನ ಗಾಜಿನ ಹತ್ತಿರ ಹೋದೊಡನೆ ಚೇತರಿಸಿಕೊಳ್ಳುತ್ತದೆ. ಫೈಬರ್‌ಗ್ಲಾಸ್ ಒಡಲಿನ ವಾಹನಗಳ ವಿಷಯ ಬೇರೆ. ಅಲ್ಲಿ ಅಲೆಗಳು ಹೆಚ್ಚು ತೊಡಕಿಲ್ಲದೆ ಒಳಬರುವುದರಿಂದ ಚಾವಣಿಯ ಒಳಬದಿಯಲ್ಲೇ ಆಂಟೆನಾ ಅಂಟಿಸಿ ಕೆಲಸ ಸಾಧಿಸಬಹುದು.

ಇದರ ಜೊತೆಗೆ ಬ್ಯಾಂಡ್‌ಗಳ, ಅಂದರೆ ಮೊಬೈಲ್ ಜಾಲಗಳು ಬಳಸುವ ಆವರ್ತನ ಪಟ್ಟಿಗಳ, ಗುಣವನ್ನೂ ತಿಳಿದಿರಬೇಕು. 700, 800, 900 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ಬ್ಯಾಂಡ್‌ಗಳು ದೂರ ಹೋಗುತ್ತವೆ, ಮರ ಗಿಡಗಳನ್ನೂ ತಕ್ಕಮಟ್ಟಿಗೆ ದಾಟುತ್ತವೆ, ಆದರೆ ಅವುಗಳಲ್ಲಿ ಸಿಗುವ ಜಾಗ ಕಿರಿದಾದ್ದರಿಂದ ವೇಗ ಸೀಮಿತ. 1800, 2100, 2300 ಮೆಗಾಹರ್ಟ್ಸ್‌ನವು ನಡುವಿನವು. 5ಜಿಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 3500 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡ್ ಬಹಳ ವೇಗದ್ದು, ಆದರೆ ಊರು ದಾಟಿದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ವ್ಯಾನು ನಿಲ್ಲುವುದು ಹೆಚ್ಚಾಗಿ ಊರಾಚೆಯೇ ಆದ್ದರಿಂದ, ಕಡಿಮೆ ಆವರ್ತನದ ಬ್ಯಾಂಡ್‌ಗಳನ್ನು ಚೆನ್ನಾಗಿ ಹಿಡಿಯುವ ಸಲಕರಣೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬೇರೆ ದೇಶದ ಮಾರುಕಟ್ಟೆಗೆಂದು ತಯಾರಾದ ರೂಟರ್ ಕೊಳ್ಳುವವರು, ತಾವಿರುವಲ್ಲಿನ ಜಾಲಗಳು ಬಳಸುವ ಬ್ಯಾಂಡ್‌ಗಳೆಲ್ಲ ಅದರ ವಿವರಪಟ್ಟಿಯಲ್ಲಿವೆಯೇ ಎಂದು ನೋಡಿಯೇ ಹಣ ಕೊಡಬೇಕು. ಒಂದು ಮುಖ್ಯ ಬ್ಯಾಂಡ್ ಇಲ್ಲದಿದ್ದರೂ ಆ ಕೊರತೆಯನ್ನು ಆಮೇಲೆ ಯಾವ ಆಂಟೆನಾದಿಂದಲೂ ತುಂಬಲಾಗದು.

ಸಿಗ್ನಲ್ ಅಳೆಯುವ ವಿಚಾರದಲ್ಲಿ ಪರದೆಯ ಮೇಲಿನ ಗೆರೆಗಳನ್ನು ಮರೆತುಬಿಡುವುದು ಒಳ್ಳೆಯದು. ಯಾವ ಮಟ್ಟಕ್ಕೆ ಎಷ್ಟು ಗೆರೆ ತೋರಿಸಬೇಕೆಂಬುದಕ್ಕೆ ಎಲ್ಲರೂ ಪಾಲಿಸುವ ನಿಯಮವೇ ಇಲ್ಲ, ಪ್ರತಿಯೊಬ್ಬ ತಯಾರಕನೂ ತನಗೆ ತೋಚಿದಂತೆ ತೋರಿಸುತ್ತಾನೆ. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಎರಡು ಅಂಕಿಗಳು ಸಿಗುತ್ತವೆ. ಆರ್‌ಎಸ್‌ಆರ್‌ಪಿ ಎಂಬುದು ಟವರ್‌ನ ಸಿಗ್ನಲ್ ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದನ್ನು ಹೇಳುತ್ತದೆ: ಮೈನಸ್ 80 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ, ಮೈನಸ್ 100ರ ಹತ್ತಿರ ಬಂದರೆ ಸಾಧಾರಣ, ಮೈನಸ್ 115 ದಾಟಿದರೆ ಕಷ್ಟ. ಎಸ್‌ಐಎನ್‌ಆರ್ ಎಂಬುದು ಆ ಸಿಗ್ನಲ್ ಸುತ್ತಲಿನ ಗದ್ದಲಕ್ಕಿಂತ (ಅಡ್ಡಬರುವ ಬೇರೆ ರೇಡಿಯೋ ಅಲೆಗಳಿಗಿಂತ) ಎಷ್ಟು ಮೇಲಿದೆ ಎಂಬುದನ್ನು ಹೇಳುತ್ತದೆ: 20 ಡೆಸಿಬೆಲ್ ಮೇಲಿದ್ದರೆ ಅತ್ಯುತ್ತಮ, ಸೊನ್ನೆಗಿಂತ ಕೆಳಗಿಳಿದರೆ ಪುಟಗಳು ತೆರೆಯಲು ಒದ್ದಾಡುತ್ತವೆ. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. ಬಲವಾದ ಸಿಗ್ನಲ್ ಇದ್ದೂ ಎಸ್‌ಐಎನ್‌ಆರ್ ಕಡಿಮೆಯಿರುವ ಜಾಗಕ್ಕಿಂತ, ಸಿಗ್ನಲ್ ಕೊಂಚ ಕ್ಷೀಣವಾಗಿದ್ದರೂ ಗದ್ದಲವಿಲ್ಲದ ಜಾಗದಲ್ಲಿ ವಿಡಿಯೋ ಕರೆ ಹೆಚ್ಚು ಸಲೀಸಾಗಿ ನಡೆಯುತ್ತದೆ.

ಹೊಸ ಜಾಗಕ್ಕೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಅಡೆ ಕೊಡುವ ಮುಂಚೆ ನಾನು ಆ ಪುಟವನ್ನು ತೆರೆದಿಟ್ಟುಕೊಳ್ಳುತ್ತೇನೆ. ಅಂಕಿಗಳು ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತಿರುತ್ತವೆ. ವ್ಯಾನನ್ನು ಅದರ ಅರ್ಧ ಉದ್ದದಷ್ಟು ಹಿಂದಕ್ಕೆ ತೆಗೆದುಕೊಂಡರೆ ಸಾಕು, ಎಸ್‌ಐಎನ್‌ಆರ್ 4ರಿಂದ 11ಕ್ಕೆ ಏರುವುದುಂಟು. ಪಕ್ಕದಲ್ಲಿ ದೊಡ್ಡ ಬಸ್ಸು ಬಂದು ನಿಂತರೆ ಅದೇ ಅಂಕಿ ಕಣ್ಣೆದುರೇ ಇಳಿಯುವುದೂ ಉಂಟು. 800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 37 ಸೆಂಟಿಮೀಟರ್, 3500 ಮೆಗಾಹರ್ಟ್ಸ್‌ನದು 9 ಸೆಂಟಿಮೀಟರ್‌ಗೂ ಕಡಿಮೆ. ಹಲವು ದಾರಿಗಳಲ್ಲಿ ಪ್ರತಿಫಲಿಸಿ ಬಂದ ಅಲೆಗಳು ಒಂದೆಡೆ ಕೂಡಿಕೊಂಡು ಇನ್ನೊಂದೆಡೆ ಪರಸ್ಪರ ಅಳಿಸಿಕೊಳ್ಳುವುದರಿಂದ ಇಷ್ಟು ಚಿಕ್ಕ ಸ್ಥಳಾಂತರವೂ ಲೆಕ್ಕಕ್ಕೆ ಬರುತ್ತದೆ. ಹಾಸಿಗೆ ಹಾಸುವ ಮುಂಚಿನ ಐದು ನಿಮಿಷದ ಈ ಕೆಲಸ ಮರುದಿನದ ಎಷ್ಟೋ ಕಿರಿಕಿರಿಯನ್ನು ತಪ್ಪಿಸುತ್ತದೆ.

ಈಗ ಆಂಟೆನಾ. ಸದಾ ಜಾಗ ಬದಲಿಸುವವರಿಗೆ ಎಲ್ಲ ದಿಕ್ಕಿನಿಂದಲೂ ಸಿಗ್ನಲ್ ಹಿಡಿಯುವ, ಚಾವಣಿಗೆ ಅಂಟಿಕೊಂಡಂತೆ ಕೂರುವ ಗುಂಡನೆಯ ಅಥವಾ ಮೀನಿನ ರೆಕ್ಕೆಯಾಕಾರದ ಆಂಟೆನಾ ಸೂಕ್ತ. ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲುವವರು ಕಂಬದ ಮೇಲೆ ಏರಿಸಿ ಟವರ್‌ನತ್ತ ತಿರುಗಿಸುವ ದಿಕ್ಕಿನ ಆಂಟೆನಾವನ್ನು ಜೊತೆಗಿಟ್ಟುಕೊಂಡರೆ ಬೆಟ್ಟದ ತಪ್ಪಲಿನಂಥ ಕಡೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಯಾವುದನ್ನೇ ಆರಿಸಿದರೂ ಒಳಗೆ ಕನಿಷ್ಠ ಎರಡು ಪ್ರತ್ಯೇಕ ಆಂಟೆನಾಗಳಿದ್ದು ಎರಡು ಕೇಬಲ್‌ಗಳು ಹೊರಬರಬೇಕು. 4ಜಿ ಮತ್ತು 5ಜಿ ಎರಡೂ ಒಂದೇ ಬ್ಯಾಂಡಿನಲ್ಲಿ ಏಕಕಾಲಕ್ಕೆ ಹಲವು ದತ್ತಾಂಶ ಧಾರೆಗಳನ್ನು ಕಳಿಸುವ ಮೈಮೋ ವಿಧಾನವನ್ನು ನೆಚ್ಚಿಕೊಂಡಿವೆ. ಒಂದೇ ಕೇಬಲ್ ಜೋಡಿಸಿದರೆ ಆ ಲಾಭ ಕೈತಪ್ಪಿಹೋಗುತ್ತದೆ. ಬಹುಪಾಲು 5ಜಿ ರೂಟರ್‌ಗಳು ನಾಲ್ಕು ಕೇಬಲ್ ಕೇಳುತ್ತವೆ. ಕೆಲವು ಚಾವಣಿ ಆಂಟೆನಾಗಳಿಗೆ ಕೆಳಗೆ ಲೋಹದ ತಳ ಇದ್ದರೆ ಮಾತ್ರ ಪೂರ್ಣ ಶಕ್ತಿ. ಉಕ್ಕಿನ ಚಾವಣಿ ಅದನ್ನು ಪುಕ್ಕಟೆಯಾಗಿ ಒದಗಿಸುತ್ತದೆ, ಫೈಬರ್‌ಗ್ಲಾಸ್ ಚಾವಣಿಯವರು ಲೋಹದ ತಳ ಬೇಡದ ಮಾದರಿಯನ್ನೇ ಕೇಳಿ ತರಬೇಕು. ಸೌರಫಲಕದ ಚೌಕಟ್ಟಿನ ಮಗ್ಗುಲಿಗೇ ಒತ್ತಿ ಕೂರಿಸುವುದು ಬೇಡ, ಆ ದಿಕ್ಕಿನ ಸಿಗ್ನಲ್ ಅಡಗಿಹೋಗುತ್ತದೆ.

ಕೇಬಲ್ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ, ಆದರೆ ಗಳಿಸಿದ್ದೆಲ್ಲ ಸೋರಿಹೋಗುವುದು ಅಲ್ಲೇ. 5 ಮಿಲಿಮೀಟರ್ ದಪ್ಪದ ಎಲ್‌ಎಂಆರ್-200 ಮಾದರಿಯ ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ನುಂಗುತ್ತದೆ. 10 ಮೀಟರ್ ಎಳೆದರೆ ಸುಮಾರು 5 ಡೆಸಿಬೆಲ್ ನಷ್ಟ, ಅಂದರೆ ಆಂಟೆನಾ ಹಿಡಿದ ಶಕ್ತಿಯಲ್ಲಿ ಮೂರನೇ ಒಂದು ಭಾಗ ಮಾತ್ರ ರೂಟರ್‌ಗೆ ತಲುಪುತ್ತದೆ. 10 ಮಿಲಿಮೀಟರ್ ದಪ್ಪದ ಎಲ್‌ಎಂಆರ್-400 ಇದರ ಅರ್ಧಕ್ಕೂ ಕಡಿಮೆ ನುಂಗುತ್ತದೆ, ಆದರೆ ಅದು ಬಲು ಬಿರುಸು. ಕಪಾಟಿನ ಮೂಲೆಗಳಲ್ಲಿ ಬಗ್ಗಿಸಿ ತರುವುದು ಹರಸಾಹಸ. ಆದ್ದರಿಂದ ದಪ್ಪ ಕೇಬಲ್ ಹುಡುಕುವುದಕ್ಕಿಂತ ರೂಟರ್ ಅನ್ನೇ ಆಂಟೆನಾದ ಕೆಳಗಿನ ಮೇಲ್ಕಪಾಟಿಗೆ ತಂದು, ಎರಡು ಮೀಟರ್ ಕೇಬಲ್‌ನಲ್ಲಿ ಮುಗಿಸುವುದು ಜಾಣತನ. ಆಂಟೆನಾದೊಂದಿಗೆ ಬಂದ ಕೇಬಲ್ ಉದ್ದವಾಗಿದ್ದರೆ ಸುರುಳಿ ಸುತ್ತಿಡದೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿಕೊಳ್ಳಬಹುದು. ರೂಟರ್‌ನಲ್ಲಿರುವುದು ತಿರುಗಿಸಿ ಬಿಗಿಯುವ ಎಸ್‌ಎಂಎ ಕನೆಕ್ಟರ್ ಆಗಿರಲಿ. ಜೇಬಿನ ಹಾಟ್‌ಸ್ಪಾಟ್‌ಗಳಲ್ಲಿರುವ, ಒತ್ತಿ ಕೂರಿಸುವ ಪುಟ್ಟ ಟಿಎಸ್9 ಕನೆಕ್ಟರ್‌ಗಳು ಓಡುವ ವಾಹನದ ಕುಲುಕಾಟಕ್ಕೆ ಸಡಿಲಗೊಳ್ಳುತ್ತವೆ.

ಚಾವಣಿಗೆ ರಂಧ್ರ ಕೊರೆಯಲು ಎಲ್ಲರಿಗೂ ಕೈ ನಡುಗುತ್ತದೆ, ಅದು ಸಹಜ. ಒಳಗಿನಿಂದ ಅಡ್ಡಪಟ್ಟಿ ಮತ್ತು ವೈರಿಂಗ್ ಎಲ್ಲಿವೆಯೆಂದು ಗುರುತಿಸಿಕೊಂಡು, ಕೊರೆದ ಅಂಚನ್ನು ಅರದಿಂದ ನಯಗೊಳಿಸಿ, ಬರಿಲೋಹ ಕಾಣುವಲ್ಲೆಲ್ಲ ತುಕ್ಕುನಿರೋಧಕ ಬಣ್ಣ ಬಳಿದು, ಅದು ಒಣಗಿದ ಮೇಲೆಯೇ ವಾಹನಗಳಿಗೆಂದಿರುವ ಪಾಲಿಯುರಿಥೇನ್ ಸೀಲಂಟ್ ಹಾಕಿ ಆಂಟೆನಾ ಕೂರಿಸಿದರೆ ನೀರು ಇಳಿಯುವುದಿಲ್ಲ. ಬಣ್ಣ ಬಳಿಯುವ ಹಂತವನ್ನು ಬಿಟ್ಟವರಿಗೆ ಸೋರಿಕೆಗಿಂತ ಮೊದಲು ತುಕ್ಕಿನ ಕಾಟ ಶುರುವಾಗುತ್ತದೆ.

ರೂಟರ್‌ಗೆ ವಿದ್ಯುತ್ ಕೊಡುವುದರಲ್ಲಿ ಇನ್ವರ್ಟರ್ ದಾರಿ ಹಿಡಿಯಬೇಡಿ. 12 ವೋಲ್ಟ್ ಬ್ಯಾಟರಿಯಿಂದ ಮನೆಬಳಕೆಯ ವೋಲ್ಟೇಜಿಗೆ ಏರಿಸಿ, ಮತ್ತೆ ಅಡಾಪ್ಟರ್ ಮೂಲಕ 12ಕ್ಕೆ ಇಳಿಸುವುದರಲ್ಲಿ ರೂಟರ್ ಬಳಸುವಷ್ಟೇ ವಿದ್ಯುತ್ ದಂಡವಾಗಬಹುದು. ವಾಹನಗಳಿಗೆಂದೇ ತಯಾರಾದ ರೂಟರ್‌ಗಳು ಸಾಮಾನ್ಯವಾಗಿ 9ರಿಂದ 30 ವೋಲ್ಟ್‌ವರೆಗೆ ಯಾವುದನ್ನು ಕೊಟ್ಟರೂ ತಾಳಿಕೊಳ್ಳುತ್ತವೆ. ಮನೆಯ ರೂಟರ್ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಅದನ್ನು ಬ್ಯಾಟರಿಗೆ ನೇರವಾಗಿ ಜೋಡಿಸುವುದು ಸರಿಯಲ್ಲ, ಏಕೆಂದರೆ ಎಂಜಿನ್ ಓಡುವಾಗ ಆ ತಂತಿಯಲ್ಲಿ 14.4 ವೋಲ್ಟ್ ದಾಟಬಹುದು. ನಡುವೆ ವೋಲ್ಟೇಜನ್ನು 12ರಲ್ಲೇ ಹಿಡಿದಿಡುವ ಡಿಸಿ ಕನ್ವರ್ಟರ್ ಇರಲಿ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 6 ವ್ಯಾಟ್ ಬಳಸುವ ರೂಟರ್ ಹಗಲಿರುಳು ಓಡಿದರೆ 144 ವ್ಯಾಟ್-ಅವರ್, ಅಂದರೆ 12 ಆಂಪಿಯರ್-ಅವರ್ ಬೇಕು. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದ 100 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಇದು ಬಳಸಬಹುದಾದ ಶಕ್ತಿಯ ಕಾಲುಭಾಗ. ರಾತ್ರಿ ಅದನ್ನು ಆಫ್ ಮಾಡಲು ಕೈಗೆಟುಕುವಲ್ಲಿ ಒಂದು ಸ್ವಿಚ್ ಇದ್ದರೆ ಉಳಿತಾಯ ಕಡಿಮೆಯೇನಲ್ಲ.

ಒಳಗಿನ ವೈ-ಫೈ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸುಲಭದ ಭಾಗ. ವ್ಯಾನಿನ ಉದ್ದಕ್ಕೆ 5 ಗಿಗಾಹರ್ಟ್ಸ್ ಧಾರಾಳ ಸಾಕು. ಮೊಬೈಲ್ ಜಾಲ 2300 ಮೆಗಾಹರ್ಟ್ಸ್ ಬ್ಯಾಂಡ್ ಬಳಸುವ ಕಡೆ ಅದರ ಮಗ್ಗುಲಲ್ಲೇ ಇರುವ 2.4 ಗಿಗಾಹರ್ಟ್ಸ್ ವೈ-ಫೈ ಮತ್ತು ಆ ಬ್ಯಾಂಡ್ ಒಂದಕ್ಕೊಂದು ಅಡ್ಡಿಯಾಗಬಹುದಾದ್ದರಿಂದ, ಅಗತ್ಯವಿಲ್ಲದಿದ್ದರೆ ಈ ವೈ-ಫೈ ಆಫ್ ಮಾಡಿಬಿಡುವುದೇ ಲೇಸು.

ಸಿಮ್‌ಗಳ ವಿಷಯಕ್ಕೆ ಬಂದರೆ, ಒಂದು ಅತ್ಯುತ್ತಮ ಜಾಲಕ್ಕಿಂತ ಎರಡು ಸಾಧಾರಣ ಜಾಲಗಳು ಮೇಲು. ಆದರೆ ಬೇರೆ ಹೆಸರಿನ ಎರಡು ಸಿಮ್‌ಗಳು ಒಂದೇ ಟವರ್‌ಗಳನ್ನು ಬಾಡಿಗೆಗೆ ಬಳಸುತ್ತಿರಬಹುದು. ಹೆಸರಿನ ಹಿಂದೆ ಯಾರ ಜಾಲವಿದೆ ಎಂದು ವಿಚಾರಿಸಿಕೊಳ್ಳಿ. ಎರಡು ಸಿಮ್ ಹಾಕಬಹುದಾದ ಬಹುತೇಕ ರೂಟರ್‌ಗಳಲ್ಲಿ ಮೋಡೆಮ್ (ಮೊಬೈಲ್ ಜಾಲಕ್ಕೆ ಸಂಪರ್ಕಿಸುವ ಭಾಗ) ಒಂದೇ ಇರುವುದರಿಂದ ಒಂದು ಸಮಯಕ್ಕೆ ಒಂದೇ ಸಿಮ್ ಕೆಲಸ ಮಾಡುತ್ತದೆ, ಇನ್ನೊಂದಕ್ಕೆ ಬದಲಾಗುವಷ್ಟರಲ್ಲಿ ನಡೆಯುತ್ತಿದ್ದ ಕರೆ ಕಡಿದುಹೋಗುತ್ತದೆ. ಹೊಸ ಸಿಮ್ ಹಾಕಿದಾಗ ಸಂಪರ್ಕ ಸಿಗದಿದ್ದರೆ ಮೊದಲು ನೋಡಬೇಕಾದದ್ದು ಎಪಿಎನ್ (ಆ ಸಿಮ್‌ನ ಜಾಲದಿಂದ ಇಂಟರ್ನೆಟ್‌ಗೆ ಹೋಗುವ ದ್ವಾರದ ಹೆಸರು) ಸೆಟ್ಟಿಂಗ್ಸ್‌ನಲ್ಲಿ ಸರಿಯಿದೆಯೇ ಎಂಬುದನ್ನು. ಪ್ಲಾನಿನ ಷರತ್ತುಗಳಲ್ಲಿ ಆ ಸಿಮ್ ಅನ್ನು ರೂಟರ್‌ನಲ್ಲಿ ಬಳಸಬಹುದೇ, ಅನಿಯಮಿತ ಎಂದಿದ್ದರೂ ಎಷ್ಟು ಬಳಕೆಯ ನಂತರ ವೇಗ ಇಳಿಯುತ್ತದೆ ಎಂಬುದನ್ನೂ ಓದಿಕೊಳ್ಳಬೇಕು. ವ್ಯಾನಿನಲ್ಲಿ ಕ್ಯಾಮೆರಾ ಇಟ್ಟು ದೂರದಿಂದ ನೋಡಬಯಸುವವರಿಗೆ ಇನ್ನೊಂದು ಮಾತು: ಮೊಬೈಲ್ ಜಾಲಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕರಿಗೆ ಹಂಚುವುದರಿಂದ ಹೊರಗಿನಿಂದ ರೂಟರ್‌ಗೆ ನೇರವಾಗಿ ಹೋಗಲು ಸಾಧ್ಯವಾಗುವುದು ಅಪರೂಪ, ರೂಟರ್ ತಾನೇ ಹೊರಗಿನ ಸರ್ವರ್ ಒಂದಕ್ಕೆ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಸಂಪರ್ಕ ತೆರೆದಿಟ್ಟುಕೊಳ್ಳುವಂತೆ ಮಾಡಬೇಕಾಗುತ್ತದೆ.

ಬಂದ ಸಿಗ್ನಲ್ಲನ್ನು ಹಿಗ್ಗಿಸಿ ಮತ್ತೆ ಹರಡುವ ಸಿಗ್ನಲ್ ಬೂಸ್ಟರ್ ಹಾಕಬಾರದೇ ಎಂದು ಅನೇಕರು ಕೇಳುತ್ತಾರೆ. ನನ್ನ ಉತ್ತರ, ಬೇಡ. ಅದು ಸಿಗ್ನಲ್ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತದೆ, ಒಂದೇ ಧಾರೆಯನ್ನು ಹಾಯಿಸುವ ಮಾದರಿಯಾದರೆ ಮೈಮೋ ಲಾಭವೂ ಹೋಗುತ್ತದೆ. ಮೇಲಾಗಿ ಅನುಮತಿಯಿಲ್ಲದ ಬೂಸ್ಟರ್ ಬಳಸುವುದು ಅನೇಕ ದೇಶಗಳಲ್ಲಿ ಅಪರಾಧ, ಏಕೆಂದರೆ ಕೆಟ್ಟ ಬೂಸ್ಟರ್ ಒಂದು ಇಡೀ ಟವರ್‌ನ ಬಳಕೆದಾರರಿಗೆ ತೊಂದರೆ ಕೊಡಬಲ್ಲದು.

ಟವರ್‌ಗಳೇ ಇಲ್ಲದ ಕಡೆಗೆ ಉಪಗ್ರಹ ಇಂಟರ್ನೆಟ್ ಇದೆ. ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಕೇಳಿದ್ದಕ್ಕೆ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳು 550 ಕಿಲೋಮೀಟರ್ ಆಸುಪಾಸಿನಲ್ಲೇ ಸುತ್ತುವುದರಿಂದ ಅಲ್ಲಿ ವಿಡಿಯೋ ಕರೆಗೂ ಅಡ್ಡಿಯಿಲ್ಲ. ಸೇವೆಗೆ ಅನುಮತಿಯಿರುವ ದೇಶದಲ್ಲಿ ಇದ್ದೀರಾದರೆ ಅದರ ಮಿನಿ ಮಾದರಿಯ ಡಿಶ್ ವ್ಯಾನಿಗೆ ಹೇಳಿ ಮಾಡಿಸಿದಂತಿದೆ, ನೇರವಾಗಿ ಬ್ಯಾಟರಿಯ ಡಿಸಿ ವಿದ್ಯುತ್ತಿನಲ್ಲೇ ಓಡುತ್ತದೆ. ಆದರೂ 30 ವ್ಯಾಟ್ ಲೆಕ್ಕದಲ್ಲಿ ದಿನಪೂರ್ತಿ ಓಡಿಸಿದರೆ 60 ಆಂಪಿಯರ್-ಅವರ್ ಬೇಕು, ರೂಟರ್ ಕೇಳುವುದರ ಐದು ಪಟ್ಟು. ಜೊತೆಗೆ ಅದಕ್ಕೆ ತೆರೆದ ಆಕಾಶ ಬೇಕು, ಬೇಸಿಗೆಯಲ್ಲಿ ವ್ಯಾನಿಗೆ ಬೇಕಾದದ್ದು ಮರದ ನೆರಳು. ಹಾಗಾಗಿ ಅದನ್ನು ಚಾವಣಿಗೆ ಬಿಗಿಯದೆ, ಉದ್ದದ ಕೇಬಲ್‌ನೊಂದಿಗೆ ಬಿಡಿಯಾಗಿಟ್ಟುಕೊಂಡು ಮರಗಳಾಚೆ ಬಯಲಲ್ಲಿ ಇಡುವುದು ನನಗೆ ಒಪ್ಪಿಗೆಯಾಗುವ ಕ್ರಮ. ಉದ್ದದ ಡಿಸಿ ತಂತಿಯಲ್ಲಿ ವೋಲ್ಟೇಜ್ ಕುಸಿಯುವುದರಿಂದ ತಂತಿ ದಪ್ಪನೆಯದಾಗಿರಬೇಕು, ಇಲ್ಲವೇ ವ್ಯಾನಿನಲ್ಲೇ 24 ಅಥವಾ 30 ವೋಲ್ಟಿಗೆ ಏರಿಸಿ ಕಳಿಸಬೇಕು.