ಏಳನೇ ಶೀಟು ಮತ್ತೆ ಬಿಚ್ಚಿದೆ

ಅಂಚೆ ಪ್ರದರ್ಶನಕ್ಕೆ ಹಳೇ ಕವರುಗಳನ್ನು ಜೋಡಿಸುತ್ತಿರುವ ಫ್ರೇಮಿನ 16 ಶೀಟುಗಳಲ್ಲಿ 15 ಮುಗಿದು ಎರಡು ತಿಂಗಳಾಯ್ತು. ತಲೆ ತಿಂದದ್ದು ಏಳನೇ ಶೀಟಿನ ಒಂದೇ ಒಂದು ಕವರು.

ಸಿಂಗಪುರದಿಂದ ದಕ್ಷಿಣ ಚೀನಾದ ಸ್ವಾಟೌ ಕಡೆಯ ಹಳ್ಳಿಗೆ ಹೋದ ಚಿಯಾವ್‌ಪಿ ಅದು. ದುಡಿಯಲು ಹೋದವನ ಕಾಗದ, ಮನೆಗೆ ಕಳಿಸಿದ ದುಡ್ಡು, ಎರಡೂ ಒಂದರಲ್ಲೇ. ಸ್ಟಾಂಪೂ ಇಲ್ಲ, ಸೀಲೂ ಇಲ್ಲ. ಇಂಥವನ್ನು ಮೂಟೆ ಕಟ್ಟಿ ಕಳಿಸುತ್ತಿದ್ದರು, ಸ್ಟಾಂಪೆಲ್ಲ ಮೂಟೆಯ ಮೇಲೆ. ಇರುವುದು ಕೈಬರಹ ಮಾತ್ರ: ದುಡ್ಡಿನ ಮೊತ್ತ, ಮತ್ತೆ ತಾರೀಖು. ವರ್ಷ 38, ತಿಂಗಳು 10, ದಿನ 5. ಮಾರಿದ ಪುಣ್ಯಾತ್ಮ ಹಿಂದೆ ಪೆನ್ಸಿಲಿನಲ್ಲಿ '1938' ಅಂತ ಬೇರೆ ಗೀಚಿದ್ದ. (ಅದಕ್ಕೂ ಸೇರಿಸಿಯೇ ರೇಟು ಹಾಕಿದ್ದನೇನೋ.)

ನಾನೂ ನಂಬಿಬಿಟ್ಟೆ. ಯಾಕಂದ್ರೆ 1938ರ ಅಕ್ಟೋಬರ್ 10ಕ್ಕೇ ಸಿಂಗಪುರದಲ್ಲಿ ಅಲ್ಲಿನ ಚೀನೀ ಉದ್ಯಮಿ ತಾನ್ ಕಾ ಕೀ ಮುಂದಾಳಾಗಿ, ಜಪಾನ್ ವಿರುದ್ಧ ಹೋರಾಡುತ್ತಿದ್ದ ಚೀನಾಕ್ಕೆ ನೆರವು ಸೇರಿಸುವ ಒಕ್ಕೂಟ ಶುರುವಾಗಿತ್ತು. ಐದೇ ದಿನದ ಅಂತರ! ಪುಟಕ್ಕೆ ಇದಕ್ಕಿಂತ ಒಳ್ಳೆ ಕಥೆ ಬೇಕಾ?

ಆದರೆ ಮೊತ್ತ ಕೂಡಿಬರಲಿಲ್ಲ. ಮೊತ್ತದಲ್ಲಿ ಎರಡು ಕಡ್ಡಿ ಕತ್ತರಿಯಂತೆ ಅಡ್ಡಡ್ಡ ಇಟ್ಟಂಥ ಗುರುತನ್ನು ಹೊಡೆದುಹಾಕಿದ ಗೆರೆ ಅಂದುಕೊಂಡಿದ್ದೆ. ಅದು ಚೀನೀ ಅಂಗಡಿಯವರ ಲೆಕ್ಕದ 4 ಕಣ್ರೀ. ಅಂದ್ರೆ ಮೊತ್ತ 40. ಅದರ ಮೇಲಿನ ಎರಡಕ್ಷರ ಓದಿದ ರಾತ್ರಿ ನಿದ್ದೆ ಬರಲಿಲ್ಲ: ಹಾಂಗ್‌ಕಾಂಗ್ ಡಾಲರು. 1948ರ ಆಗಸ್ಟಿನಲ್ಲಿ ಬಂದ ಚೀನಾದ ಹೊಸ ನೋಟು ಗೋಲ್ಡ್ ಯುವಾನ್ ಕೆಲವೇ ತಿಂಗಳಲ್ಲಿ ರದ್ದಿಯಾದಾಗ ಜನ ಹಿಡಿದುಕೊಂಡಿದ್ದು ಅದನ್ನೇ. ಹಾಗಾದರೆ 38 ಅಂದರೆ ಚೀನಾ ಗಣರಾಜ್ಯದ 38. 1912ನ್ನು ಒಂದು ಅಂತ ಎಣಿಸಿ. 1949!

ಬ್ರಿಟಿಷರ ಊರಲ್ಲಿ ಕೂತು, ಬಿಟ್ಟುಬಂದ ದೇಶದ ವರ್ಷ ಬರೆದಿದ್ದಾನೆ. ಅದೇ ವರ್ಷ ಬೀಜಿಂಗಿನ ಹೊಸ ಕಮ್ಯುನಿಸ್ಟ್ ಸರ್ಕಾರ ಆ ಎಣಿಕೆ ಬಿಟ್ಟಿತು, ತೈವಾನ್ ಇವತ್ತಿಗೂ ಬಿಟ್ಟಿಲ್ಲ. ಇವನದು ರಾಜಕೀಯವಾ, ಬರೀ ರೂಢಿಯಾ? ರೂಢಿಯೇ ಅನ್ಸುತ್ತೆ. ಆದರೆ ಇಂಥವರು ಯಾವ ದೇಶದವರು ಅನ್ನೋದು ಸರ್ಕಾರಗಳಿಗೆ ಸಣ್ಣ ಮಾತಾಗಿರಲಿಲ್ಲ. ಚೀನಾದ ಚಿಂಗ್ ಅರಸರ 1909ರ ಕಾನೂನಿನಲ್ಲಿ ಅಪ್ಪ ಚೀನೀಯನಾದರೆ ಮಗು ಎಲ್ಲೇ ಹುಟ್ಟಲಿ, ಚೀನೀಯನೇ. 1955ರಲ್ಲಿ ಏಷ್ಯಾ-ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನಕ್ಕೆ ಬಂದ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಇಂಡೊನೇಷ್ಯಾ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು: ಎರಡು ಪೌರತ್ವದಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ.

ಅಂದಹಾಗೆ ಮುಂದಿನ ಫ್ರೇಮು ನಮ್ಮ ದೇಶದ್ದೇ. 1962ರ ಯುದ್ಧದಲ್ಲಿ ಸುಮಾರು 3000 ಚೀನೀ ಮೂಲದವರನ್ನು ರಾಜಸ್ಥಾನದ ದೇವ್ಲಿಯಲ್ಲಿ ಕೂಡಿಹಾಕಿದ್ದರಲ್ಲ, ಆ ಶಿಬಿರದ ಅಂಚೆ. ಕೈಯಲ್ಲಿ ಒಂದು ಕವರೂ ಇಲ್ಲ, ಆದರೂ ಶೀರ್ಷಿಕೆ ರೆಡಿ.

ಏಳನೇ ಶೀಟು ಮಾತ್ರ ಇನ್ನೂ ಮುಗಿದಿಲ್ಲ. ಆ 10ನೇ ತಿಂಗಳು ಇಂಗ್ಲಿಷ್ ಕ್ಯಾಲೆಂಡರಿನದ್ದಾದರೆ ಅಕ್ಟೋಬರ್ 5, ಆಗ ಸ್ವಾಟೌ ಇನ್ನೂ ಹಳೇ ಸರ್ಕಾರದ ಪಕ್ಷ ಕುಮಿಂಟಾಂಗ್ ಕೈಯಲ್ಲಿ. ಚೀನೀ ಚಾಂದ್ರಮಾನದ್ದಾದರೆ ನವೆಂಬರ್ ಕೊನೆ, ಊರು ಕಮ್ಯುನಿಸ್ಟರ ಕೈ ಸೇರಿ ತಿಂಗಳಾಗಿತ್ತು. ಸದ್ಯಕ್ಕೆ ಎರಡನ್ನೂ ಬರೆದಿದ್ದೇನೆ. ಪೆನ್ಸಿಲಿನ 1938 ಮಾತ್ರ ಎಷ್ಟು ಮೆತ್ತಗೆ ಉಜ್ಜಿದರೂ ಹೋಗ್ತಿಲ್ಲ.