ಒಂದು ಕಡೆ ಗೋಡೆ ಇದ್ದರೆ?

ಏಳನೇ ತರಗತಿಯ ನನ್ನ ಮಕ್ಕಳಿಗೆ ವಿಸ್ತೀರ್ಣದ ಸೂತ್ರ ಬಾಯಿಪಾಠ. ಉದ್ದ, ಅಗಲ ಕೊಟ್ಟರೆ ಥಟ್ಟಂತ ಗುಣಿಸಿ ಹೇಳುತ್ತಾರೆ. ಅವತ್ತು ನಾನು ಎರಡನ್ನೂ ಕೊಡಲಿಲ್ಲ. "24 ಮೀಟರ್ ಹಗ್ಗ ಇದೆ. ಇದನ್ನು ಆಯತದ ಹಾಗೆ ಸುತ್ತ ಕಟ್ಟಬೇಕು. ಒಳಗೆ ಆದಷ್ಟು ಜಾಸ್ತಿ ಜಾಗ ಸಿಗಬೇಕು. ಹೇಗೆ ಕಟ್ಟುತ್ತೀರಿ?" ಅಂತ ಕೇಳಿ ಸುಮ್ಮನಾದೆ.

ಹೀಗೆ ಸುಮ್ಮನಿರುವುದನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ ಅಂತ 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದ್ದರು. 3 ಸೆಕೆಂಡ್ ಕಾದರೂ ಸಾಕು, ಮಕ್ಕಳು ಇನ್ನಷ್ಟು ಬಿಡಿಸಿ ಉತ್ತರಿಸುತ್ತಾರೆ.

ಮೊದಲು ಒಬ್ಬ ಹುಡುಗ ಕೈ ಎತ್ತಿದ. "ಹೇಗೆ ಕಟ್ಟಿದರೂ ಅಷ್ಟೇ ಟೀಚರ್. ಹಗ್ಗ ಒಂದೇ ಅಲ್ವಾ?" ಅರ್ಧ ತರಗತಿ ತಲೆಯಾಡಿಸಿತು. ತಪ್ಪು ಅಂತ ನಾನು ಹೇಳಲಿಲ್ಲ. "ಚೌಕುಳಿ ಹಾಳೆಯಲ್ಲಿ ಬರೆದು ತೋರಿಸಿ" ಅಂದೆ. 11ಕ್ಕೆ 1 ಇಟ್ಟರೆ 11 ಚದರ ಮೀಟರ್. 8ಕ್ಕೆ 4 ಇಟ್ಟರೆ 32. 6ಕ್ಕೆ 6 ಇಟ್ಟರೆ 36. ಸ್ವಲ್ಪ ಹೊತ್ತಿಗೆ ಅದೇ ಹುಡುಗ ಎದ್ದು ನಿಂತ. "ನಾನು ಅಂದುಕೊಂಡಿದ್ದು ತಪ್ಪು. ಹಗ್ಗ ಅಷ್ಟೇ ಇದೆ, ಜಾಗ ಬದಲಾಗುತ್ತಿದೆ." ಯಾರೂ ನಗಲಿಲ್ಲ. ಅದು ನನಗೆ ಬಹಳ ಮುಖ್ಯ.

ಪೀರಿಯಡ್ ಮುಗಿಯುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, "ಟೀಚರ್, ಒಂದು ಕಡೆ ಗೋಡೆ ಇದ್ದರೆ?" ಗೋಡೆಯ ಕಡೆಗೆ ಹಗ್ಗ ಬೇಡ, ಉಳಿದ ಮೂರು ಕಡೆಗೆ ಸಾಕು. ಎಲ್ಲರೂ ಒಟ್ಟಿಗೆ, "ಚೌಕವೇ! 8ಕ್ಕೆ 8, 64" ಅಂದರು. ಮರುದಿನ ಅವಳು ಚಿತ್ರ ಬರೆದು ತಂದಳು. ಬದಿಗಳು 6 ಮತ್ತು 6, ಗೋಡೆಗೆ ಎದುರಿನದು 12. ವಿಸ್ತೀರ್ಣ 72. ಹೇಗೆ ಹೊಳೆಯಿತು ಅಂತ ಕೇಳಿದೆ. "ಗೋಡೆಯ ಆ ಕಡೆಯೂ ಇಂಥದ್ದೇ ಇನ್ನೊಂದು ಇದೆ ಅಂದುಕೊಂಡೆ. ಎರಡೂ ಸೇರಿದರೆ ದೊಡ್ಡ ಚೌಕ ಆಗಬೇಕು. ಅದರಲ್ಲಿ ಅರ್ಧ ನಮ್ಮದು."

ಕಲಿಕೆಯನ್ನು ಸರಳದಿಂದ ಕಠಿಣದವರೆಗೆ ಮೆಟ್ಟಿಲಿನಂತೆ ಜೋಡಿಸುವ, ಬ್ಲೂಮ್ ಹೆಸರಿನ ಆರು ಹಂತಗಳನ್ನು ನಾವು ಶಿಕ್ಷಕರೆಲ್ಲ ಓದಿರುತ್ತೇವೆ. 2001ರಲ್ಲಿ ತಿದ್ದಿದ ಪಟ್ಟಿಯಲ್ಲಿ ನೆನಪಿಡುವುದು ಎಲ್ಲಕ್ಕಿಂತ ಕೆಳಗೆ, ಹೊಸದನ್ನು ಕಟ್ಟುವುದು ಎಲ್ಲಕ್ಕಿಂತ ಮೇಲೆ. ಕೆಳಗಿನದು ಪೂರ್ತಿ ಬಂದ ಮೇಲೆಯೇ ಮೇಲಿನದು ಅಂತ ನಾನೂ ಎಷ್ಟೋ ವರ್ಷ ನಂಬಿದ್ದೆ. ಈ ಹುಡುಗಿ ಮಗ್ಗಿ ಹೇಳುವಾಗ ಈಗಲೂ ತಡವರಿಸುತ್ತಾಳೆ. ಮಗ್ಗಿ ಬರುವವರೆಗೆ ಇಂಥ ಪ್ರಶ್ನೆ ಬೇಡ ಅಂದಿದ್ದರೆ, ಆ ಗೋಡೆ ಅವಳ ತಲೆಯಲ್ಲೇ ಉಳಿಯುತ್ತಿತ್ತು.

ಅವಳ ಅಂಕಗಳಿಗೆ ಬಹುಮಾನ ಬರುವುದಿಲ್ಲ. ಅದಕ್ಕೇ ಪೋಷಕರ ಸಭೆಯಲ್ಲಿ ನಾನು ಅಂಕಪಟ್ಟಿ ತೆಗೆಯುವ ಮೊದಲು ಅವಳಿಗೆ ಚಾಕ್ ಕೊಟ್ಟೆ. ಹತ್ತು ನಿಮಿಷ ಅವಳೇ ವಿವರಿಸಿದಳು. ಆಮೇಲೆ ಆ ಹುಡುಗ ಬಂದು ತನ್ನ ಮೊದಲ ಉತ್ತರ ಯಾವುದು, ಯಾಕೆ ಬದಲಿಸಿದೆ ಅಂತ ಹೇಳಿದ. ಇಬ್ಬರಿಗೂ ಒಂದೊಂದು ಪ್ರಮಾಣಪತ್ರ ಬರೆದುಕೊಟ್ಟೆ. ಅದರಲ್ಲಿ "ಜಾಣ", "ಜಾಣೆ" ಅನ್ನುವ ಪದ ಇಲ್ಲ. ಅವರು ಯೋಚಿಸಿದ್ದನ್ನೇ ಎರಡು ಸಾಲಲ್ಲಿ ಬರೆದಿದ್ದೇನೆ. ಅವಳ ಅಮ್ಮ ಅದನ್ನು ನಿಂತಲ್ಲೇ ಎರಡು ಸಲ ಓದಿದರು.

ಆ ಚಿತ್ರವನ್ನು ತರಗತಿಯಲ್ಲಿ ಅಂಟಿಸಿದ್ದೇವೆ. ಮೊನ್ನೆ ನೋಡಿದರೆ ಅದರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿದ್ದರು: "ಎರಡು ಕಡೆ ಗೋಡೆ ಇದ್ದರೆ?"