ಪೀಠ ಖಾಲಿ ಇದೆಯೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ರೋಮಿನ ಪೀಠದಲ್ಲಿ ನಿಜವಾದ ಪೋಪ್ ಇದ್ದಾರೆಯೇ ಎಂಬ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ‘ಪೋಪ್ ಬೆನೆಡಿಕ್ಟ್ ಅವರ ರಾಜೀನಾಮೆಯೇ ಊರ್ಜಿತವಲ್ಲವಂತೆ, ಹೌದಾ?’ ‘ಅವರ ನಂತರ ಬಂದ ಫ್ರಾನ್ಸಿಸ್ ಆಯ್ಕೆಯಲ್ಲಿ ಒಳಸಂಚು ನಡೆದಿತ್ತಂತೆ?’ ‘1958ರಿಂದ ಈಚೆಗೆ ಪೋಪೇ ಇಲ್ಲವಂತೆ, ಎಲ್ಲದಕ್ಕೂ ದಾಖಲೆ ತೋರಿಸುತ್ತಾರಲ್ಲ?’ 2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ತೀರಿಕೊಂಡರೂ ಈ ಮಾತು ತೀರಲಿಲ್ಲ. ಈಗಿನ ಪೋಪ್ ಹದಿನಾಲ್ಕನೇ ಲಿಯೋ ಅವರ ಹೆಗಲೇರಿದೆ.

ನನ್ನ ಉತ್ತರ ಇಷ್ಟು. ಪೋಪರು ತಪ್ಪು ಮಾಡಿದರು ಎನ್ನುವುದು ಒಂದು ಮಾತು, ಅವರು ಪೋಪೇ ಅಲ್ಲ ಎನ್ನುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಪುರಾವೆ ಗುಡ್ಡೆಹಾಕಿ ಎರಡನೆಯದು ಸಾಬೀತಾಯಿತು ಎನ್ನುವಲ್ಲೇ ಈ ವಾದಗಳೆಲ್ಲ ಎಡವುತ್ತವೆ.

ಮೊದಲು ಒಂದು ಅನ್ಯಾಯ ತಪ್ಪಿಸೋಣ. ಸಂಪ್ರದಾಯವಾದಿ ಕಥೋಲಿಕರೆಲ್ಲ ಹೀಗೆ ಹೇಳುವವರಲ್ಲ. ಲ್ಯಾಟಿನ್ ಬಲಿಪೂಜೆಗಾಗಿ ರೋಮಿನೊಂದಿಗೆ ಜಗಳವಾಡಿ, 1988ರಲ್ಲಿ ಅನುಮತಿಯಿಲ್ಲದೆ ನಾಲ್ವರು ಬಿಷಪರಿಗೆ ಅಭಿಷೇಕ ಮಾಡಿ ಬಹಿಷ್ಕಾರಕ್ಕೆ ಒಳಗಾದ ಫ್ರಾನ್ಸಿನ ಆರ್ಚ್‌ಬಿಷಪ್ ಮಾರ್ಸೆಲ್ ಲಫೆವ್ರ್ ಅವರೂ ಪೀಠ ಖಾಲಿ ಇದೆ ಎಂದು ಘೋಷಿಸಲಿಲ್ಲ. ಅವರ ಸಂಘದಲ್ಲಿ ಇಂದಿಗೂ ಪೂಜೆಯ ನಡುವೆ ರೋಮಿನ ಪೋಪರ ಹೆಸರು ಹೇಳುತ್ತಾರೆ. ಫ್ರಾನ್ಸಿಸ್ ಅವರ ಬೋಧನೆಯ ಬಗ್ಗೆ 2016ರಲ್ಲಿ ಐದು ಸಂದೇಹಗಳನ್ನು ಬರೆದು ಕಳಿಸಿದ ನಾಲ್ವರು ಕಾರ್ಡಿನಲರೂ (ಪೋಪರ ನಂತರದ ಅತಿ ಹಿರಿಯ ಧರ್ಮಾಧಿಕಾರಿಗಳು) ಅವರನ್ನು ಪೋಪ್ ಎಂದೇ ಸಂಬೋಧಿಸಿದರು. ಅಂದರೆ ಕಟುವಾಗಿ ಟೀಕಿಸಿಯೂ ಒಳಗೇ ಇರಲು ಜಾಗವಿದೆ. ಆ ಜಾಗ ಸಾಲದು ಎನ್ನುವವರ ಮಾತು ಇಲ್ಲಿ ನಮ್ಮ ವಿಷಯ.

ಅವರಲ್ಲಿ ಹೆಚ್ಚು ಜನರನ್ನು ಸೆಳೆದದ್ದು ರಾಜೀನಾಮೆಯ ವಾದ. ಬೆನೆಡಿಕ್ಟ್ 2013ರ ಫೆಬ್ರವರಿ 11ರಂದು ಕಾರ್ಡಿನಲರ ಮುಂದೆ ಲ್ಯಾಟಿನಿನಲ್ಲಿ ಒಂದು ಚಿಕ್ಕ ಹೇಳಿಕೆ ಓದಿದರು. ಪೋಪರ ರಾಜೀನಾಮೆಯ ಬಗ್ಗೆ ಹೇಳುವ 332ನೇ ಕ್ಯಾನನ್ನಿನಲ್ಲಿ (ಧರ್ಮಸಭೆಯ ಕಾನೂನಿನ ವಿಧಿ) ‘ಮೂನಸ್’ ಎಂಬ ಪದವಿದೆ, ಅಂದರೆ ಹುದ್ದೆ, ಪದವಿ. ಬೆನೆಡಿಕ್ಟ್ ತ್ಯಜಿಸುತ್ತೇನೆ ಎಂದದ್ದು ‘ಮಿನಿಸ್ತೇರಿಯುಂ’ ಅನ್ನು, ಅಂದರೆ ಸೇವೆ. ಹಾಗಾಗಿ ಅವರು ಕೆಲಸ ಮಾತ್ರ ಬಿಟ್ಟರು, ಪದವಿ ಉಳಿಸಿಕೊಂಡರು, 2022ರ ಡಿಸೆಂಬರ್ 31ರಂದು ಸಾಯುವವರೆಗೂ ಅವರೇ ಪೋಪ್ ಆಗಿದ್ದರು ಎಂಬುದು ವಾದ. ಕೇಳಲು ಚೆನ್ನಾಗಿದೆ. ಆದರೆ ಹೇಳಿಕೆಯನ್ನು ಪೂರ್ತಿ ಓದಬೇಕು.

ಅದೇ ಹೇಳಿಕೆಯಲ್ಲಿ ಸ್ವಲ್ಪ ಮೇಲೆ ಅವರು, ವಯಸ್ಸಿನಿಂದ ಕುಗ್ಗಿದ ನನ್ನ ಶಕ್ತಿ ಪೇತ್ರನ (ಮೊದಲ ಪೋಪ್ ಎನಿಸಿದ ಯೇಸುವಿನ ಶಿಷ್ಯ) ‘ಮೂನಸ್’ ನಿರ್ವಹಿಸಲು ಸಾಲದು ಎನ್ನುತ್ತಾರೆ. ಎರಡು ವಾಕ್ಯ ಕಳೆಯುವುದರೊಳಗೆ, ನನಗೆ ಒಪ್ಪಿಸಿದ ‘ಮಿನಿಸ್ತೇರಿಯುಂ’ ಚೆನ್ನಾಗಿ ನಿರ್ವಹಿಸಲು ನಾನು ಅಸಮರ್ಥ ಎಂದು ಒಪ್ಪಿಕೊಳ್ಳುತ್ತಾರೆ. ಎರಡು ಕಡೆಯೂ ಕ್ರಿಯಾಪದ ಒಂದೇ, ‘ಅಡ್ಮಿನಿಸ್ಟ್ರಾಂಡುಂ’. ಮಿನಿಸ್ತೇರಿಯುಂ ಎಂದರೆ ಬರೀ ‘ನಿರ್ವಹಣೆ’ಯಾಗಿದ್ದರೆ ‘ನಿರ್ವಹಣೆಯನ್ನು ನಿರ್ವಹಿಸಲಾರೆ’ ಎಂದಂತಾಗುತ್ತಿತ್ತು. ಒಂದೇ ವಿಷಯಕ್ಕೆ ಎರಡು ಪದ ಬಳಸಿದ್ದಾರೆ, ಅಷ್ಟೇ. ಇನ್ನೂ ಕೆಳಗೆ ಬನ್ನಿ: ತ್ಯಜಿಸುತ್ತಿರುವುದು ಯಾವುದನ್ನು? ‘2005ರ ಏಪ್ರಿಲ್ 19ರಂದು ಕಾರ್ಡಿನಲರ ಕೈಯಿಂದ ನನಗೆ ಒಪ್ಪಿಸಲಾದ’ದ್ದನ್ನು. ಆ ದಿನ ಕಾರ್ಡಿನಲರು ಅವರಿಗೆ ಕೊಟ್ಟದ್ದು ಪೋಪ್ ಪದವಿಯಲ್ಲದೆ ಮತ್ತೇನು? ಕೊನೆಗೆ, ಫೆಬ್ರವರಿ 28ರ ರಾತ್ರಿ 8 ಗಂಟೆಯಿಂದ ಸಂತ ಪೇತ್ರನ ಪೀಠ ತೆರವಾಗುತ್ತದೆ, ಹೊಸ ಪೋಪರನ್ನು ಆರಿಸಲು ಕಾನ್‌ಕ್ಲೇವ್ ಕರೆಯಬೇಕು ಎಂದೂ ಸೇರಿಸಿದ್ದಾರೆ. ಪದವಿ ಉಳಿಸಿಕೊಳ್ಳುವವರು ಪೀಠ ತೆರವಾಗುವ ಗಂಟೆ ಗೊತ್ತುಮಾಡುವುದಿಲ್ಲ.

ಕ್ಯಾನನ್ ಕೇಳುವುದೂ ಎರಡನ್ನೇ: ರಾಜೀನಾಮೆ ಸ್ವಇಚ್ಛೆಯಿಂದ ಆಗಿರಬೇಕು, ಸರಿಯಾಗಿ ಪ್ರಕಟವಾಗಿರಬೇಕು. ಯಾರೂ ಅಂಗೀಕರಿಸಬೇಕಾಗಿಲ್ಲ. ಇಂಥದೇ ಪದ ಬಳಸಬೇಕು ಎಂಬ ಷರತ್ತು ಅದರಲ್ಲಿಲ್ಲ. ಓದಿದ ಲ್ಯಾಟಿನಿನಲ್ಲಿ ‘ಕೊಮ್ಮಿಸ್ಸೊ’ ಎಂದಿರಬೇಕಾದಲ್ಲಿ ‘ಕೊಮ್ಮಿಸ್ಸುಂ’ ಎಂದಾದದ್ದು ನಿಜ, ಅದನ್ನು ಆಮೇಲೆ ತಿದ್ದಿದ್ದೂ ನಿಜ. ವಿಭಕ್ತಿ ತಪ್ಪಿದ ಮಾತ್ರಕ್ಕೆ ಇಚ್ಛೆ ತಪ್ಪುವುದಿಲ್ಲ. ಒತ್ತಡ ಹಾಕಿದ್ದರು ಎನ್ನುವವರಿಗೆ ಬೆನೆಡಿಕ್ಟ್ ಅವರೇ 2014ರ ಫೆಬ್ರವರಿಯಲ್ಲಿ ಇಟಲಿಯ ಪತ್ರಕರ್ತರೊಬ್ಬರಿಗೆ ಬರೆದು ಉತ್ತರಿಸಿದರು: ರಾಜೀನಾಮೆಯ ಸಿಂಧುತ್ವದ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲ, ಆ ಊಹಾಪೋಹ ಅಸಂಬದ್ಧ ಎಂಬುದು ಅದರ ಸಾರ. ಇದಕ್ಕೆ ‘ಅದು ಸಂಕೇತ ಭಾಷೆ’ ಎನ್ನುವವರಿದ್ದಾರೆ. ಹೌದು ಎಂದರೂ ಇಲ್ಲ ಎಂದರೂ ತಮ್ಮ ವಾದಕ್ಕೇ ಪುರಾವೆ ಎನ್ನುವವರ ಜೊತೆ ಚರ್ಚೆ ಬೆಳೆಸಿ ಉಪಯೋಗವಿಲ್ಲ.

ಒಂದು ಮಾತು ಒಪ್ಪುತ್ತೇನೆ. ಬಿಳಿ ನಿಲುವಂಗಿ, ‘ವಿಶ್ರಾಂತ ಪೋಪ್’ ಎಂಬ ಬಿರುದು, ವ್ಯಾಟಿಕನ್ನಿನಲ್ಲೇ ವಾಸ, ಅವರ ಕಾರ್ಯದರ್ಶಿ ಗೆನ್ಸ್‌ವೈನ್ 2016ರಲ್ಲಿ ಆಡಿದ ‘ವಿಸ್ತರಿಸಿದ’ ಪೇತ್ರನ ಸೇವೆ ಎಂಬ ಮಾತು, ಇವೆಲ್ಲ ಗೊಂದಲಕ್ಕೆ ನೀರೆರೆದವು. ಆ ಏರ್ಪಾಟು ಜಾಣತನದ್ದಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಉಡುಪಿನ ಬಣ್ಣ ಯಾರನ್ನೂ ಪೋಪ್ ಮಾಡುವುದಿಲ್ಲ.

ಎರಡನೆಯ ಗುಂಪಿನವರು ರಾಜೀನಾಮೆ ಒಪ್ಪುತ್ತಾರೆ, ಆಯ್ಕೆಯನ್ನು ಒಪ್ಪುವುದಿಲ್ಲ. ಇಲ್ಲಿ ಎರಡನೇ ಜಾನ್ ಪಾಲ್ 1996ರಲ್ಲಿ ಹೊರಡಿಸಿದ ಚುನಾವಣಾ ಸಂವಿಧಾನವನ್ನು ಬಿಚ್ಚಿಡಬೇಕು. ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲೆನ್ ಎಂಬಲ್ಲಿ ಕೆಲವು ಕಾರ್ಡಿನಲರು ಸಭೆ ಸೇರುತ್ತಿದ್ದರು, ಫ್ರಾನ್ಸಿಸ್ ಪರ ಮೊದಲೇ ಮತ ಕೂಡಿಸಿದರು, ಆದ್ದರಿಂದ ಆಯ್ಕೆ ಅಸಿಂಧು ಎನ್ನುತ್ತಾರೆ. ಆ ಸಂವಿಧಾನದ 81ನೇ ಪರಿಚ್ಛೇದ ಒಳಒಪ್ಪಂದ ಮಾಡಿಕೊಂಡ ಮತದಾರರಿಗೆ ಬಹಿಷ್ಕಾರದ ಶಿಕ್ಷೆ ವಿಧಿಸುತ್ತದೆ, ಸರಿ. ಆದರೆ ಶಿಕ್ಷೆ ಬೀಳುವುದು ವ್ಯಕ್ತಿಯ ಮೇಲೆ, ಫಲಿತಾಂಶದ ಮೇಲಲ್ಲ. ಯಾವ ಕಾರಣಕ್ಕೂ ಮತದಾರ ಕಾರ್ಡಿನಲರನ್ನು ಹೊರಗಿಡುವಂತಿಲ್ಲ ಎಂದು 35ನೇ ಪರಿಚ್ಛೇದ ಹೇಳುತ್ತದೆ. 78ನೆಯದು ಇನ್ನೂ ಮುಂದೆ ಹೋಗುತ್ತದೆ: ದುಡ್ಡು ಕೊಟ್ಟು ಮತ ಕೊಂಡಿದ್ದರೂ ಕೊಂಡವರಿಗೆ ಬಹಿಷ್ಕಾರ, ಆಯ್ಕೆ ಮಾತ್ರ ನಿಲ್ಲುತ್ತದೆ. ಇದು ಯಾರನ್ನೋ ಕಾಪಾಡಲು ಇತ್ತೀಚೆಗೆ ಹೊಸೆದ ನಿಯಮವಲ್ಲ. 1505ರಲ್ಲಿ ಎರಡನೇ ಜೂಲಿಯಸ್ ಲಂಚದ ಆಯ್ಕೆ ಶೂನ್ಯ ಎಂದು ಕಾನೂನು ಮಾಡಿದ್ದರು. ಹಾಗಿದ್ದರೆ ಸೋತ ಪಕ್ಷದವರು ಯಾವಾಗ ಬೇಕಾದರೂ ‘ಲಂಚ’ ಎಂದು ಕೂಗಿ ಪೀಠವನ್ನೇ ಅಲುಗಾಡಿಸಬಹುದು. ಅದಕ್ಕೇ ಹತ್ತನೇ ಪಯಸ್ 1904ರಲ್ಲಿ ಆ ಶೂನ್ಯತೆಯನ್ನು ತೆಗೆದುಹಾಕಿದರು. ಸಂಪ್ರದಾಯವಾದಿಗಳಿಗೆ ಅತಿ ಪ್ರಿಯರಾದ ಪೋಪರೇ ಈ ಬಾಗಿಲು ಮುಚ್ಚಿದ್ದು.

ಇನ್ನೊಂದು ವಾದ ಮತಚೀಟಿಯದು. ನನಗೆ ಇದು ಇಷ್ಟ, ಯಾಕೆಂದರೆ ಕನಿಷ್ಠ ನಿಯಮ ಓದಿಕೊಂಡು ಬಂದ ವಾದ. 2013ರ ಮಾರ್ಚ್ 13ರ ಮಧ್ಯಾಹ್ನ 115 ಮತದಾರರಿದ್ದರೂ ಪಾತ್ರೆಯಲ್ಲಿ 116 ಚೀಟಿ ಸಿಕ್ಕವು, ಒಂದು ಖಾಲಿ ಚೀಟಿ ಇನ್ನೊಂದಕ್ಕೆ ಅಂಟಿಕೊಂಡಿತ್ತು, ಆ ಸುತ್ತನ್ನು ಬಿಟ್ಟು ಮತ್ತೆ ಮತ ಹಾಕಿದರು ಎಂದು ವರದಿಯಾಗಿದೆ. ಹಾಗೆ ಬಿಟ್ಟದ್ದೇ ತಪ್ಪು, ಮೇಲಾಗಿ ದಿನಕ್ಕೆ ನಾಲ್ಕೇ ಸುತ್ತು ಎಂಬ ಮಿತಿ ಮೀರಿತು ಎಂಬುದು ಆಕ್ಷೇಪ. ಎಣಿಕೆ ನಡೆಯುವ ಕ್ರಮ ಗೊತ್ತಿದ್ದರೆ ಇದು ಬಿಡಿಸಿಕೊಳ್ಳುತ್ತದೆ. ಮೂವರು ಎಣಿಕೆದಾರರಲ್ಲಿ ಮೊದಲನೆಯವರು ಪಾತ್ರೆಯನ್ನು ಕುಲುಕುತ್ತಾರೆ, ಕೊನೆಯವರು ಚೀಟಿಗಳನ್ನು ಬಿಡಿಸದೆ, ಒಂದೊಂದಾಗಿ ಎತ್ತಿ ಖಾಲಿ ಪಾತ್ರೆಗೆ ಹಾಕುತ್ತ ಎಣಿಸುತ್ತಾರೆ. ಈ ಹಂತದಲ್ಲಿ ಸಂಖ್ಯೆ ತಾಳೆಯಾಗದಿದ್ದರೆ 68ನೇ ಪರಿಚ್ಛೇದದ ಪ್ರಕಾರ ಎಲ್ಲ ಚೀಟಿ ಸುಟ್ಟು ಕೂಡಲೇ ಮತ್ತೆ ಮತದಾನ. ಸಂಖ್ಯೆ ತಾಳೆಯಾದ ಮೇಲಷ್ಟೇ ಚೀಟಿ ಬಿಡಿಸಿ ಹೆಸರು ಓದುವುದು. ಹಾಗೆ ಬಿಡಿಸುವಾಗ ಒಬ್ಬರೇ ಬರೆದಂತೆ ಕಾಣುವ, ಒಟ್ಟಿಗೆ ಮಡಚಿದ ಎರಡು ಚೀಟಿ ಸಿಕ್ಕರೆ 69ನೆಯದು: ಎರಡರಲ್ಲೂ ಒಂದೇ ಹೆಸರಿದ್ದರೆ ಒಂದು ಮತ, ಬೇರೆ ಬೇರೆಯಿದ್ದರೆ ಎರಡೂ ಲೆಕ್ಕಕ್ಕಿಲ್ಲ, ಸುತ್ತು ಮಾತ್ರ ರದ್ದಾಗದು. ಆಕ್ಷೇಪಿಸುವವರು 69ನ್ನು ಹಿಡಿದುಕೊಳ್ಳುತ್ತಾರೆ. ಆದರೆ ಹೆಚ್ಚುವರಿ ಚೀಟಿ ಗೊತ್ತಾದದ್ದು ಹೆಸರು ಓದುವ ಮೊದಲೇ ಎಂಬುದು ಅದೇ ವರದಿಯಲ್ಲಿದೆ. ಹಾಗಾದರೆ ಅನ್ವಯವಾಗುವುದು 68. ಸುಟ್ಟ ಚೀಟಿಗಳ ಸುತ್ತು ಮುಗಿದ ಸುತ್ತಲ್ಲ, ‘ಕೂಡಲೇ ಮತ್ತೆ’ ಎಂಬ ಮಾತೇ ಮಿತಿಯ ಪ್ರಶ್ನೆಗೂ ಉತ್ತರ. ಇಷ್ಟಾಗಿಯೂ ಸಂಶಯ ಉಳಿದರೆ ನಿಯಮದ ಅರ್ಥ ತೀರ್ಮಾನಿಸುವ ಅಧಿಕಾರ ಕಾರ್ಡಿನಲರ ಮಂಡಳಿಗೇ ಇದೆ, ಅದು 5ನೇ ಪರಿಚ್ಛೇದ. ಒಳಗಿದ್ದ 115 ಜನರಲ್ಲಿ ಯಾರೂ ತಕರಾರು ತೆಗೆಯದ ಮೇಲೆ ಹೊರಗಿನವರ ಎಣಿಕೆಗೆ ಬೆಲೆ ಎಲ್ಲಿಂದ ಬರಬೇಕು?

1958ರ ಗುಂಪಿನದು ಬೇರೆಯೇ ದಾರಿ. ಹನ್ನೆರಡನೇ ಪಯಸ್ ಆ ವರ್ಷ ಅಕ್ಟೋಬರ್ 9ರಂದು ತೀರಿಕೊಂಡರು, ಆಮೇಲೆ ಬಂದವರೆಲ್ಲ ಪಾಷಂಡಿಗಳು (ಧರ್ಮದ ಸತ್ಯವನ್ನು ನಿರಾಕರಿಸಿದವರು), ಪಾಷಂಡಿ ಪೋಪ್ ಆಗಲಾರ ಎನ್ನುತ್ತಾರೆ. ಜಿನೋವಾದ ಕಾರ್ಡಿನಲ್ ಸಿರಿ ಗುಟ್ಟಾಗಿ ಆಯ್ಕೆಯಾಗಿದ್ದರು ಎಂಬ ಕತೆಯೂ ಜೊತೆಗಿದೆ. ಬಿಳಿ ಹೊಗೆ ಎಂದರೆ ಪೋಪ್ ಆಯ್ಕೆಯಾದ ಸೂಚನೆ; ಅಕ್ಟೋಬರ್ 26ರಂದು ಮೊದಲು ಬಿಳಿಯಾಗಿ ಕಂಡ ಹೊಗೆಯೇ ಅದರ ಬಂಡವಾಳ. ಸಿರಿ 1989ರವರೆಗೆ ಬದುಕಿದ್ದರು, ಮುಂದಿನ ಮೂರು ಕಾನ್‌ಕ್ಲೇವ್‌ಗಳಲ್ಲಿ ಮತ ಹಾಕಿದರು, ಬಂದ ಪೋಪರನ್ನೆಲ್ಲ ಪೋಪರೆಂದರು. ಅಲ್ಲಿಗೆ ಆ ಕತೆ ಮುಗಿಯಿತು.

ಪಾಷಂಡದ ವಾದ ಅಷ್ಟು ಹಗುರವಲ್ಲ. ನಾಲ್ಕನೇ ಪಾಲ್ 1559ರಲ್ಲಿ, ಪಾಷಂಡಿಯ ಆಯ್ಕೆ ಸರ್ವಾನುಮತದಿಂದ ಆಗಿದ್ದರೂ ಶೂನ್ಯ ಎಂಬ ಶಾಸನ ಹೊರಡಿಸಿದ್ದರು. ಬಹಿರಂಗ ಪಾಷಂಡಿಯಾದ ಪೋಪ್ ತಾನಾಗಿಯೇ ಪದವಿ ಕಳೆದುಕೊಳ್ಳುತ್ತಾನೆ ಎಂಬುದು ಸಂತ ಬೆಲ್ಲಾರ್ಮಿನ್ ಅವರ ಮತ. ಆದರೆ ಆ ಶಾಸನ ಮುಂದಿನ ಕಾನೂನುಗಳಲ್ಲಿ ಮುಳುಗಿಹೋಯಿತು. ಬೆಲ್ಲಾರ್ಮಿನ್ ಅವರದು ಒಬ್ಬ ದೈವಶಾಸ್ತ್ರಜ್ಞರ ಅಭಿಪ್ರಾಯ. ಧರ್ಮಸಭೆ ನಿರ್ಣಯ ಕೊಡುವವರೆಗೆ ಪದವಿ ಹೋಗದು ಎಂದ ಕಯೆಟಾನ್ ಅಂಥವರೂ ಇದ್ದಾರೆ. ಕಾನೂನಿನ ಪ್ರಕಾರ ಪಾಷಂಡ ಎಂದರೆ ನಂಬಲೇಬೇಕಾದ ಸತ್ಯವನ್ನು ಹಟದಿಂದ ನಿರಾಕರಿಸುವುದು. ವಿಮಾನದಲ್ಲಿ ಪತ್ರಕರ್ತರೆದುರು ಬಾಯಿತಪ್ಪಿ ಆಡಿದ್ದು, ಎರಡರ್ಥ ಬರುವ ಅಡಿಟಿಪ್ಪಣಿ, ಕೆಟ್ಟ ನೇಮಕ ಇವು ಟೀಕೆಗೆ ಯೋಗ್ಯ, ಪಾಷಂಡವಲ್ಲ. ಹಟ ಇದೆಯೆಂದು ತೀರ್ಮಾನಿಸಲು ಎಚ್ಚರಿಕೆ ಕೊಡುವವರು ಬೇಕು, ತೀರ್ಪುಗಾರರು ಬೇಕು. ಮೊದಲ ಪೀಠವನ್ನು ಯಾರೂ ವಿಚಾರಣೆಗೆ ಗುರಿಪಡಿಸುವಂತಿಲ್ಲ ಎಂದು 1404ನೇ ಕ್ಯಾನನ್ ಹೇಳುತ್ತದೆ. ಬೆಲ್ಲಾರ್ಮಿನ್ ಓದಿದ ಮಾತ್ರಕ್ಕೆ ಮನೆಯಲ್ಲಿ ಕೂತವರು ನ್ಯಾಯಾಧೀಶರಾಗುವುದಿಲ್ಲ.

ಇತಿಹಾಸ ಹೇಗೆ ನಡೆದುಕೊಂಡಿತು ನೋಡಿ. ಒಂದನೇ ಹೊನೋರಿಯಸ್ 625ರಿಂದ 638ರವರೆಗೆ ಪೋಪ್. ಸತ್ತು ನಾಲ್ಕು ದಶಕ ಕಳೆದ ಮೇಲೆ, 681ರಲ್ಲಿ, ಕಾನ್ಸ್ಟಾಂಟಿನೋಪಲ್ಲಿನ ಮೂರನೇ ಮಹಾಸಭೆ ಅವರನ್ನು ಪಾಷಂಡಿಗಳ ಪಟ್ಟಿಯಲ್ಲಿ ಸೇರಿಸಿ ಶಪಿಸಿತು. ಅವರ ಹದಿಮೂರು ವರ್ಷ ಪೀಠ ಖಾಲಿಯಾಗಿತ್ತು ಎಂದು ಮಾತ್ರ ಆ ಮಹಾಸಭೆ ಹೇಳಲಿಲ್ಲ. ಪೋಪರ ಪಟ್ಟಿಯಲ್ಲಿ ಇಂದಿಗೂ ಅವರ ಹೆಸರಿದೆ.

ಇಂಥ ವಾದ ಮುಂದಿಟ್ಟವರನ್ನು ಕೇಳಲೇಬೇಕಾದ ಪ್ರಶ್ನೆ: ಹಾಗಾದರೆ ಮುಂದಿನ ಪೋಪ್ ಎಲ್ಲಿಂದ ಬರಬೇಕು? 1958ರ ನಂತರ ಕಾರ್ಡಿನಲರ ನೇಮಕವೇ ನಡೆದಿಲ್ಲ ಎಂದಾದರೆ ಆರಿಸುವವರೇ ಇಲ್ಲ. ಪೇತ್ರನಿಗೆ ಉತ್ತರಾಧಿಕಾರಿಗಳು ನಿರಂತರ ಇರುತ್ತಾರೆ ಎಂದು 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ ಸಾರಿದೆ. ಅದನ್ನು ಈ ಗುಂಪೂ ಒಪ್ಪುತ್ತದೆ. ಒಬ್ಬ ಪೋಪ್ ಸತ್ತು ಇನ್ನೊಬ್ಬರು ಬರುವವರೆಗಿನ ಬಿಡುವು ಬೇರೆ, ಆರಿಸುವ ದಾರಿಯೇ ಕಟ್ಟಿಹೋಗುವುದು ಬೇರೆ. ಈ ಇಕ್ಕಟ್ಟು ತಾಳದೆ ತಾವೇ ಪೋಪರನ್ನು ಆರಿಸಿಕೊಂಡವರಿದ್ದಾರೆ: 1990ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಆರು ಮಂದಿ ಸೇರಿ, ತಂದೆತಾಯಿಯೂ ಅದರಲ್ಲಿ ಸೇರಿದಂತೆ, ಡೇವಿಡ್ ಬಾಡನ್ ಅವರನ್ನು ‘ಪೋಪ್ ಮೈಕೆಲ್’ ಮಾಡಿದರು. ನಗಬೇಡಿ. ಪೀಠ ಖಾಲಿ ಎಂದವರಲ್ಲಿ ತಮ್ಮ ಮಾತಿಗೆ ಕಟ್ಟುಬಿದ್ದು ಕೊನೆಯವರೆಗೂ ನಡೆದವರು ಇಂಥವರೇ.

ಫ್ರಾನ್ಸಿಸ್ ಪೋಪ್ ಅಲ್ಲ ಎನ್ನುವವರಿಗೂ ಈ ಕುತ್ತು ತಪ್ಪಿದ್ದಲ್ಲ. 2025ರ ಮೇ 8ರಂದು ಲಿಯೋ ಅವರನ್ನು ಆರಿಸಿದ 133 ಮತದಾರರಲ್ಲಿ 108 ಮಂದಿ ಫ್ರಾನ್ಸಿಸ್ ನೇಮಿಸಿದವರು. ಮತದಾರರು 120ಕ್ಕಿಂತ ಹೆಚ್ಚಿರಬಾರದೆಂಬ ನಿಯಮ ಮುರಿದಿದೆ ಎಂಬ ಹೊಸ ಆಕ್ಷೇಪವೂ ಹುಟ್ಟಿದೆ. ಆ ಮಿತಿ ಮೀರಿ ನೇಮಿಸಿದವರೇ ಪೋಪ್, ನಿಯಮ ಸಡಿಲಿಸುವ ಅಧಿಕಾರವೂ ಅವರದೇ; ಏಪ್ರಿಲ್ 30ರಂದು ಕಾರ್ಡಿನಲರ ಸಭೆ ಇದನ್ನೇ ಹೇಳಿ, 133 ಜನರಿಗೂ ಮತದ ಹಕ್ಕಿದೆ ಎಂದು ದಾಖಲಿಸಿತು.

ಕಾನೂನಿನ ಈ ಎಳೆಗಳೆಲ್ಲ ಸಿಕ್ಕಾದರೂ ಹಿಡಿಯಲು ಒಂದು ಹಗ್ಗ ಉಳಿಯುತ್ತದೆ. ಇಡೀ ಧರ್ಮಸಭೆ ಶಾಂತವಾಗಿ ಒಬ್ಬರನ್ನು ಪೋಪರೆಂದು ಸ್ವೀಕರಿಸಿದರೆ ಆ ಸ್ವೀಕಾರವೇ ಆಯ್ಕೆಯ ಸಿಂಧುತ್ವಕ್ಕೆ ಖಚಿತ ಗುರುತು ಎಂದು ಸಂತ ಥಾಮಸ್‌ನ ಜಾನ್, ಅಲ್ಫೋನ್ಸಸ್ ಲಿಗೋರಿ, ಕಾರ್ಡಿನಲ್ ಬಿಯೋ ಬರೆದಿದ್ದಾರೆ. ಪೋಪರ ಆಯ್ಕೆಯ ನ್ಯಾಯಬದ್ಧತೆಯನ್ನು ಖಚಿತವಾಗಿ ಹಿಡಿಯಬೇಕಾದ ಸತ್ಯಗಳ ಉದಾಹರಣೆಯಾಗಿ 1998ರ ವ್ಯಾಟಿಕನ್ ವಿವರಣೆಯೊಂದು ಕೊಡುತ್ತದೆ. ಅದಕ್ಕೆ ಸಹಿ ಹಾಕಿದವರು ಯಾರು? ಆಗ ಕಾರ್ಡಿನಲ್ ಆಗಿದ್ದ ರಾಟ್ಸಿಂಗರ್, ಅಂದರೆ ಮುಂದಿನ ಹದಿನಾರನೇ ಬೆನೆಡಿಕ್ಟ್.

ಕೊನೆಗೆ ಬರುವ ಪ್ರಶ್ನೆ, ಬಹಳ ಅಂಜಿಕೆಯಿಂದ ಕೇಳುವಂಥದು: ಒಂದು ವೇಳೆ ಪೂಜೆಯಲ್ಲಿ ಪೋಪ್ ಅಲ್ಲದವರ ಹೆಸರು ಹೇಳಿದ್ದರೆ ಆ ಪೂಜೆ ಹಾಳಾಗುತ್ತದೆಯೇ? ಇಲ್ಲ. 1378ರಿಂದ 1417ರವರೆಗೆ ರೋಮಿನಲ್ಲೊಬ್ಬರು, ಆವಿನ್ಯೋನಿನಲ್ಲೊಬ್ಬರು ಪೋಪ್ ಎನಿಸಿಕೊಂಡಿದ್ದರು, ಕೊನೆಕೊನೆಗೆ ಮೂರನೆಯವರೂ ಬಂದರು. ಆಗ ಕಾರ್ಡಿನಲರೇ ಒಡೆದಿದ್ದರು, ರಾಜ್ಯಗಳೇ ಹಂಚಿಹೋಗಿದ್ದವು. ಈಗಿನ ಹಾಗೆ ಹೊರಗಿನ ಕೆಲವರು ಎತ್ತಿದ ತಕರಾರಲ್ಲ. ಸಿಯೆನಾದ ಕ್ಯಾಥರೀನ್ ರೋಮಿನ ಕಡೆ ನಿಂತರು. ವಿನ್ಸೆಂಟ್ ಫೆರರ್ ವರ್ಷಾನುಗಟ್ಟಲೆ ಆವಿನ್ಯೋನಿನವರ ಕಡೆ ನಿಂತು, 1416ರಲ್ಲಿ ಆ ಪಕ್ಷ ಬಿಟ್ಟರು. ಅಷ್ಟು ಕಾಲ ಅವರು ಅರ್ಪಿಸಿದ ಬಲಿಪೂಜೆಗಳನ್ನು ಯಾರೂ ಸುಳ್ಳೆನ್ನಲಿಲ್ಲ. 1455ರಲ್ಲಿ ರೋಮ್ ಅವರಿಗೆ ಸಂತ ಪದವಿ ಕೊಟ್ಟಿತು, ಕ್ಯಾಥರೀನ್ ಅವರಿಗಿಂತ ಆರು ವರ್ಷ ಮೊದಲೇ.